ಮಾಳಿಗೆಯ ಮೇಲಣ ಚೌಳುಮಣ್ಣು

ಪಾವಗಡ, ಶಿರಾ, ಮಧುಗಿರಿಗಳ ಬಯಲುಸೀಮೆಯಲ್ಲಿ ಹಳೆಯ ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಚೌಳುಮಣ್ಣನ್ನು ಹೊದಿಸುವುದು ಹಿಂದಿನಿಂದ ಬಂದ ರೂಢಿ. ಹೊಲದಲ್ಲಿ ಬೆಳೆಯನ್ನು ಕೆಡಿಸುವ ಮಣ್ಣು ಮನೆಯನ್ನು ಕಾಯುವುದೆಂತು?

ಜೇಡಿಯ ಕಣಗಳು ಋಣವಿದ್ಯುದಂಶವುಳ್ಳವು. ಕ್ಯಾಲ್ಸಿಯಂ ಅಯಾನುಗಳು ಅವನ್ನು ಒಗ್ಗೂಡಿಸಿ, ನಡುವೆ ರಂಧ್ರಗಳನ್ನು ಉಳಿಸುತ್ತವೆ. ಚೌಳಿನಲ್ಲಿ ಸೋಡಿಯಂ ಹೆಚ್ಚು. ಅದರ ಹಿಡಿತ ಸಡಿಲ. ನೀರು ತಗಲಿದೊಡನೆ ಕಣಗಳು ಬಿಡಿಬಿಡಿಯಾಗಿ ಉಬ್ಬಿ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ಬೇರಿಗೆ ನೀರು ದೊರೆಯದಂತೆ ಮಾಡುವ ಗುಣವೇ ಇಲ್ಲಿ ತೊಲೆ ಜಂತೆಗಳನ್ನು ಒಣಗಿರಿಸುತ್ತದೆ.

ಬಿಡಿಯಾದ ಕಣಗಳು ಮಳೆಗೆ ಕೊಚ್ಚಿಯೂ ಹೋಗುವುದರಿಂದ ಮತ್ತೆ ಮತ್ತೆ ಹೊದಿಸಬೇಕು. ಆದರೆ ಹಳೆಯದನ್ನು ಕೆರೆದು ತೆಗೆಯದೆ ಹೊಸದನ್ನು ಹೇರುವುದು ಅಪಾಯಕರ. 15 ಸೆಂ.ಮೀ. ದಪ್ಪದ ಒಣಮಣ್ಣೇ ಚದರ ಮೀಟರಿಗೆ ಸುಮಾರು 240 ಕಿಲೋಗ್ರಾಂ ತೂಗುತ್ತದೆ. ನೆನೆದರೆ ಇನ್ನೂ ಹೆಚ್ಚು. ಮೊದಲು ತೊಲೆಯನ್ನು ತಟ್ಟಿ ನೋಡಬೇಕು. ಗೆದ್ದಲು ಹಿಡಿದು ಟೊಳ್ಳಾಗಿದ್ದರೆ ಮಣ್ಣಿನ ಮಾತು ಆಮೇಲೆ.