ಕೆ. ವೆಂಕಟಪ್ಪ (1886–1965): ಪರೀಕ್ಷಾ ಟಿಪ್ಪಣಿ

1. ಹುಟ್ಟು: ಮೈಸೂರು. ಮನೆತನ: ಅರಮನೆಯ ಚಿತ್ರಕಾರರದು.

2. ಪೋಷಕರು: ನಾಲ್ವಡಿ ಕೃಷ್ಣರಾಜ ಒಡೆಯರ್. ಅವರ ನೆರವಿನಿಂದ ಕಲ್ಕತ್ತದ ಸರ್ಕಾರಿ ಕಲಾಶಾಲೆಗೆ.

3. ಗುರು: ಅವನೀಂದ್ರನಾಥ ಟಾಗೋರ್. ಸಹಪಾಠಿ: ನಂದಲಾಲ್ ಬೋಸ್.

4. ಮಾಧ್ಯಮ: ಮುಖ್ಯವಾಗಿ ಜಲವರ್ಣ. ದಂತದ ಮೇಲೆ ಕಿರುಭಾವಚಿತ್ರಗಳನ್ನೂ ಬರೆದರು. ಮೈಸೂರು ಅರಮನೆಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಉಬ್ಬುಶಿಲ್ಪ ಮಾಡಿದರು.

5. ಊಟಿ, ಕೊಡೈಕೆನಾಲ್ ನಿಸರ್ಗಚಿತ್ರಗಳು: ಬೆಟ್ಟದ ಮೇಲೆ ಕವಿದ ಮಂಜು, ಕೆರೆಯ ನೀರಿನ ಮೇಲಿನ ಬೆಳಕು. ಇವರ ಶ್ರೇಷ್ಠ ಕೆಲಸ ಇದೇ. ಇಷ್ಟು ಸೂಕ್ಷ್ಮ ಜಲವರ್ಣ ನಮ್ಮಲ್ಲಿ ವಿರಳ.

6. ಸಂಗೀತ: ವೀಣೆ ಶೇಷಣ್ಣನವರ ಶಿಷ್ಯ. ‘ಮ್ಯಾಡ್ ಆಫ್ಟರ್ ವೀಣಾ’ (1926) ಚಿತ್ರ ಈ ವೀಣೆಯ ಹುಚ್ಚನ್ನೇ ಕುರಿತದ್ದು.

7. ಗೌರವ: ಕೇಂದ್ರ ಲಲಿತಕಲಾ ಅಕಾಡೆಮಿ ಫೆಲೋಶಿಪ್, 1962.

8. ವೆಂಕಟಪ್ಪ ಆರ್ಟ್ ಗ್ಯಾಲರಿ: ಬೆಂಗಳೂರಿನ ಕಸ್ತೂರಬಾ ರಸ್ತೆ, ಸರ್ಕಾರಿ ವಸ್ತುಸಂಗ್ರಹಾಲಯದ ಪಕ್ಕ. ಅಬ್ಬಿಗೆರೆ, ಯಲಹಂಕ ಕಡೆಯ ಅಭ್ಯರ್ಥಿಗಳೇ, ಪುಸ್ತಕದ ಮಸುಕು ಪಡಿಯಚ್ಚು ಸಾಲದು, ಮೂಲಚಿತ್ರ ನೋಡಿ.

ಗೊಂದಲ ಬೇಡ:
• ಚಿನ್ನದ ರೇಕಿನ ಸಾಂಪ್ರದಾಯಿಕ ಮೈಸೂರು ಶೈಲಿ ಬೇರೆ. ವೆಂಕಟಪ್ಪ ಬಂಗಾಳ ಶೈಲಿಯಲ್ಲಿ ಪಳಗಿದವರು.
• ರಾಜಾ ರವಿವರ್ಮ: ತೈಲವರ್ಣ, ತಿರುವಾಂಕೂರು.
• ಕೆ.ಕೆ. ಹೆಬ್ಬಾರ್ (1911–1996): ಉಡುಪಿ ಬಳಿಯ ಕಟ್ಟಿಂಗೇರಿ.