ಕರುಳಿನ ಕೋಶ ಬೆಳೆಸುವವರಿಗೆ ಏಳು ಸೂತ್ರಗಳು

ನುಂಗಿದ ಮಾತ್ರೆ ಕರುಳು ದಾಟಿ ರಕ್ತ ಸೇರುತ್ತದೆಯೇ? ಮನುಷ್ಯರಿಗೆ ಕೊಡುವ ಮೊದಲೇ ಇದರ ಸುಳಿವು ಕೊಡುವುದು ಪ್ರಯೋಗಾಲಯದಲ್ಲಿ ಬೆಳೆಸಿದ ಕ್ಯಾಕೊ-2 ಕೋಶಗಳು. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಇಷ್ಟನ್ನು ಗಮನದಲ್ಲಿಡಿ.

1. ಮೂಲ ತಿಳಿದುಕೊಳ್ಳಿ. 1970ರ ದಶಕದಲ್ಲಿ ನ್ಯೂಯಾರ್ಕಿನ ಸ್ಲೋನ್-ಕೆಟರಿಂಗ್ ಸಂಸ್ಥೆಯ ಯೋರ್ಗೆನ್ ಫೋಗ್ ಇವನ್ನು ಬೆಳೆಸಿದ್ದು 72 ವರ್ಷದ ವ್ಯಕ್ತಿಯೊಬ್ಬರ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಯಿಂದ. ಆದರೂ ಒತ್ತಾಗಿ ಹರಡಿಕೊಂಡ ಮೇಲೆ ಇವು ಬಹುಮಟ್ಟಿಗೆ ಸಣ್ಣ ಕರುಳಿನ ಕೋಶಗಳಂತೆ ನಡೆದುಕೊಳ್ಳುತ್ತವೆ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಂಥ ಭಂಡಾರದಿಂದಲೇ ತರಿಸಿ; ಪಕ್ಕದ ಲ್ಯಾಬಿನಿಂದ ಕಡ ತರಬೇಡಿ.

2. ಫ್ಲಾಸ್ಕ್ ಪೂರ್ತಿ ತುಂಬುವ ಮುನ್ನವೇ ವಿಭಜಿಸಿ. ಅದು ಎಷ್ಟನೇ ವಿಭಜನೆ ಎಂದು ಹೇಳುವ ಪ್ಯಾಸೇಜ್ ಸಂಖ್ಯೆಯನ್ನು ಆಗಲೇ ಬರೆದಿಡಿ.

3. ಟ್ರಿಪ್ಸಿನ್ ಹಾಕುವ ಮೊದಲು ಚೆನ್ನಾಗಿ ತೊಳೆಯಿರಿ. ಉಳಿದ ಸೀರಂ ಟ್ರಿಪ್ಸಿನ್ನಿನ ಶಕ್ತಿ ಕುಂದಿಸುತ್ತದೆ. ಈ ಕೋಶಗಳು ತಳ ಬಿಡಲು ಸಮಯ ಬೇಡುತ್ತವೆ. ಫ್ಲಾಸ್ಕನ್ನು ಬಡಿದು ಎಬ್ಬಿಸಿದರೆ ಮುದ್ದೆಮುದ್ದೆಯಾಗಿ ಬರುತ್ತವೆ.

4. ಇಪ್ಪತ್ತೊಂದು ದಿನ ಕಾಯಿರಿ. ರಂಧ್ರವಿರುವ ಪೊರೆಯ ಮೇಲೆ ಬಿತ್ತಿದ ಕೋಶಗಳು ಒಂದು ವಾರದೊಳಗೆ ತುಂಬಿಕೊಂಡಂತೆ ಕಾಣುತ್ತವೆ, ಆದರೆ ಅವು ಇನ್ನೂ ಬಲಿತಿರುವುದಿಲ್ಲ. ಮೇಲ್ಮೈಯಲ್ಲಿ ಸೂಕ್ಷ್ಮ ಕುಚ್ಚು ಮೂಡಿ, ಸುಕ್ರೋಸ್ ಒಡೆಯುವ ಕಿಣ್ವ ತಯಾರಾಗಿ, ಅಕ್ಕಪಕ್ಕದ ಕೋಶಗಳ ನಡುವಿನ ಸಂದು ಬಿಗಿಯಾಗಲು ಸುಮಾರು ಮೂರು ವಾರ ಬೇಕು. ಎರಡು ದಿನಕ್ಕೊಮ್ಮೆ ಮೀಡಿಯಾ ಬದಲಿಸಿ, ಭಾನುವಾರವಾದರೂ ಸರಿ. ತೆಗೆಯುವಾಗ ಮೊದಲು ಕೆಳಗಿನದು, ಹಾಕುವಾಗ ಮೊದಲು ಮೇಲಿನದು. ಕ್ರಮ ತಪ್ಪಿದರೆ ಕೆಳಗಿನ ದ್ರವದ ಒತ್ತಡಕ್ಕೆ ಪದರ ಎದ್ದು ಬರಬಹುದು. ಪೈಪೆಟ್ ತುದಿ ಪೊರೆಗೆ ತಾಗದಿರಲಿ.

5. ಪದರದ ವಿದ್ಯುತ್ ರೋಧ ಅಳೆಯದೆ ಪ್ರಯೋಗಕ್ಕೆ ಹೋಗಬೇಡಿ. ಕೋಶವಿಲ್ಲದ ಖಾಲಿ ಪೊರೆಯ ರೋಧವನ್ನು ಕಳೆದು, ಉಳಿದದ್ದನ್ನು ಪೊರೆಯ ವಿಸ್ತೀರ್ಣದಿಂದ ಗುಣಿಸಿ. ತಟ್ಟೆ ತಣ್ಣಗಾದಂತೆ ಅಂಕಿ ಏರುತ್ತದೆ, ಹಾಗಾಗಿ ಪ್ರತಿ ಸಲವೂ ಒಂದೇ ಉಷ್ಣತೆಯಲ್ಲಿ ಅಳೆಯಿರಿ.

6. ಮೈಕೋಪ್ಲಾಸ್ಮಾ ಪರೀಕ್ಷೆ ತಪ್ಪಿಸಬೇಡಿ. ಈ ಬ್ಯಾಕ್ಟೀರಿಯಾ ಸೇರಿದರೂ ಮೀಡಿಯಾ ಕದಡುವುದಿಲ್ಲ. ಕೋಶಭಿತ್ತಿಯೇ ಇಲ್ಲದ ಇದಕ್ಕೆ ಪೆನಿಸಿಲಿನ್ ತಾಗುವುದೂ ಇಲ್ಲ. ಪಿಸಿಆರ್ ಮಾಡಿಸಿದರೆ ತಿಳಿಯುತ್ತದೆ.

7. ಮಿತಿ ಅರಿತು ಪ್ರಶ್ನೆ ಕೇಳಿ. ಕ್ಯಾಕೊ-2 ಒಂದೇ ಇದ್ದಾಗ ಲೋಳೆಯ ಪದರ ಸಿಗದು. ಅದು ಬೇಕಾದರೆ ಎಚ್‌ಟಿ29-ಎಂಟಿಎಕ್ಸ್ ಕೋಶಗಳನ್ನು ಜೊತೆಗೆ ಬೆಳೆಸಿ. ರೋಗಿಯಿಂದ ರೋಗಿಗೆ ಇರುವ ವ್ಯತ್ಯಾಸ ನೋಡಬೇಕೆಂದರೆ ಆರ್ಗನಾಯ್ಡ್, ಅಂದರೆ ಕಾಂಡಕೋಶದಿಂದ ಬೆಳೆಸಿದ ಪುಟ್ಟ ಕರುಳಿನ ಮಾದರಿ, ಬೇಕೇ ಬೇಕು. 2009ರಲ್ಲಿ ನೆದರ್ಲೆಂಡ್ಸಿನ ಹ್ಯಾನ್ಸ್ ಕ್ಲೆವರ್ಸ್ ತಂಡ ಇಲಿಯ ಕರುಳಿನ ಒಂದೊಂದೇ ಕಾಂಡಕೋಶದಿಂದ ಅದನ್ನು ಬೆಳೆಸಿ ತೋರಿಸಿತು. 2011ರಲ್ಲಿ ಮಾನವ ಕರುಳಿನದೂ ಬಂತು. ಖರ್ಚು ಹೆಚ್ಚು, ಆದರೆ ಆ ಪ್ರಶ್ನೆಗೆ ಕ್ಯಾನ್ಸರ್ ಕೋಶ ಉತ್ತರ ಕೊಡಲಾರದು.

ಕೊನೆಗೊಂದು ವಿನಂತಿ: ಕೋಶ ಎಲ್ಲಿಂದ ಬಂತು, ಎಷ್ಟನೇ ಪ್ಯಾಸೇಜ್, ಎಷ್ಟನೇ ದಿನ ಬಳಸಿದಿರಿ, ಈ ಮೂರನ್ನೂ ನಿಮ್ಮ ಪ್ರಬಂಧದಲ್ಲಿ ಬರೆಯಿರಿ. ಇವಿಲ್ಲದೆ ಇನ್ನೊಂದು ಲ್ಯಾಬಿನವರು ನಿಮ್ಮ ಪ್ರಯೋಗವನ್ನು ಮತ್ತೆ ಮಾಡಿ ನೋಡಲಾರರು.