ಸವೆಯುವ ತಟ್ಟೆ, ಉಳಿಯಬೇಕಾದ ಅಕ್ಷರ

ಕಾರವಾರ ಮತ್ತು ಅಂಕೋಲೆಗಳ ನಡುವೆ, ಅರಬ್ಬೀ ಸಮುದ್ರದ ದಂಡೆಯಲ್ಲಿ ಹಾರವಾಡವೆಂಬ ಗ್ರಾಮವಿದೆ. ಮಳೆಗಾಲ ಬಂತೆಂದರೆ ಇಲ್ಲಿ ಬಾಗಿಲ ಚಿಲಕ ತುಕ್ಕು ಹಿಡಿಯುತ್ತದೆ. ಪೆಟ್ಟಿಗೆಯೊಳಗಿನ ಕಾಗದಕ್ಕೆ ಬೂಷ್ಟು ಬರುತ್ತದೆ. ವಸ್ತುಗಳು ಸವೆಯುತ್ತವೆಂದು ಕಡಲತೀರದವರಿಗೆ ಬೇರೆ ಹೇಳಬೇಕಾಗಿಲ್ಲ. ಆದರೆ ಲ್ಯಾಪ್‌ಟಾಪಿನೊಳಗೆ ಕಣ್ಣಿಗೆ ಕಾಣದೆ ನಡೆಯುವ ಸವೆತವೂ ಒಂದುಂಟು.

ಹಳೆಯ ಬಗೆಯ ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕ್ ಎಂಬ ತಟ್ಟೆಯಿರುತ್ತದೆ. ಅದು ಸಾಮಾನ್ಯವಾಗಿ ನಿಮಿಷಕ್ಕೆ 5,400 ಸಲ, ಅಂದರೆ ಸೆಕೆಂಡಿಗೆ 90 ಸಲ ತಿರುಗುತ್ತದೆ. ಅಕ್ಷರಗಳನ್ನು ಓದುವ ‘ತಲೆ’ಯು ತಟ್ಟೆಯನ್ನು ಮುಟ್ಟದೆ, ಕೂದಲೆಳೆಯ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ ಅಂತರದಲ್ಲಿ ತೇಲುತ್ತದೆ. ಕೆಲಸವಿಲ್ಲದಾಗ ಅದು ಪಕ್ಕಕ್ಕೆ ಸರಿದು ವಿಶ್ರಮಿಸುತ್ತದೆ. ಅನೇಕ ಡಿಸ್ಕುಗಳು ಇಂತಹ 6 ಲಕ್ಷ ಸರಿದಾಟಗಳನ್ನು ತಾಳುವಂತೆ ರಚಿತವಾಗಿವೆ.

2007ರಲ್ಲಿ ಉಬುಂಟು ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಳಸುತ್ತಿದ್ದ ಕೆಲವು ಲ್ಯಾಪ್‌ಟಾಪುಗಳಲ್ಲಿ ವಿಚಿತ್ರವೊಂದು ಕಂಡುಬಂದಿತು. ವಿದ್ಯುತ್ತನ್ನು ಉಳಿಸಲೆಂದು ಡಿಸ್ಕು ತಲೆಯನ್ನು ಬೇಗಬೇಗನೆ ಸರಿಸುತ್ತಿತ್ತು. ವ್ಯವಸ್ಥೆಯು ಚಿಕ್ಕ ಬರಹಕ್ಕಾಗಿ ಅದನ್ನು ಮತ್ತೆ ಎಬ್ಬಿಸುತ್ತಿತ್ತು. ಹದಿನೈದು ಸೆಕೆಂಡಿಗೊಮ್ಮೆ ಹೀಗಾದರೆ ಗಂಟೆಗೆ 240 ಸಲವಾಯಿತು. 2,500 ಗಂಟೆಗಳಲ್ಲಿ 6 ಲಕ್ಷ ಮುಗಿಯಿತು. ದಿನಕ್ಕೆ ಎಂಟು ಗಂಟೆ ದುಡಿಯುವ ಯಂತ್ರದ ಆಯುಸ್ಸು ವರ್ಷ ತುಂಬುವ ಮೊದಲೇ ತೀರಬಹುದು! ವಿದ್ಯುತ್ ಉಳಿತಾಯದ ಏರ್ಪಾಡನ್ನು ತಿದ್ದಿದಾಗ ಈ ತೊಂದರೆ ನೀಗಿತು.

ಹಾಗಾದರೆ ವ್ಯವಸ್ಥೆಯನ್ನು ನವೀಕರಿಸದಿರುವುದೇ ಲೇಸೇ? ಅಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಬೆಂಬಲವಿಲ್ಲದ ವ್ಯವಸ್ಥೆಯು ಅಗುಳಿಯಿಲ್ಲದ ಮನೆಯಂತೆ. ಕಳ್ಳರಿಗೆ ಅದು ಸುಲಭ. ಆದುದರಿಂದ ನವೀಕರಿಸಬೇಕು; ಆದರೆ ಅದಕ್ಕೆ ಮುನ್ನ ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸಬೇಕು. ನವೀಕರಣದ ನಡುವೆ ವಿದ್ಯುತ್ ಕಡಿಯದಂತೆ ನೋಡಿಕೊಳ್ಳಬೇಕು. ತಟ್ಟೆ ತಿರುಗುತ್ತಿರುವಾಗ ಯಂತ್ರವನ್ನು ಕುಲುಕಬಾರದು. ಗಾಳಿಯಾಡುವ ಕಂಡಿಗಳನ್ನು ಮುಚ್ಚಬಾರದು. ಹೊಸ ಬಗೆಯ ಎಸ್.ಎಸ್.ಡಿ.ಯಲ್ಲಿ ತಿರುಗುವ ಭಾಗವಿಲ್ಲ. ಆದರೂ ಬರೆದು ಅಳಿಸಿದಂತೆಲ್ಲ ಅದರ ಕೋಶಗಳೂ ಸವೆಯುತ್ತವೆ.

ಸವೆಯದ ಆಸರೆ ಯಾವುದೂ ಇಲ್ಲ. ನಮ್ಮ ಪೂರ್ವಿಕರು ಇದನ್ನು ಬಲ್ಲವರಾಗಿದ್ದರು. ತಾಳೆಗರಿಯನ್ನು ಹುಳು ತಿನ್ನುವ ಮೊದಲೇ ಲಿಪಿಕಾರನು ಹೊಸ ಗರಿಯ ಮೇಲೆ ಪ್ರತಿಮಾಡುತ್ತಿದ್ದನು. ಆ ಗರಿಗಳು ಮಣ್ಣಾದವು. ಪಂಪ ರನ್ನರ ಕಾವ್ಯಗಳು ಉಳಿದವು. ಹಾರವಾಡದ ಮನೆಯೊಂದರ ಲ್ಯಾಪ್‌ಟಾಪಿನಲ್ಲಿ ಅಜ್ಜಿಯ ಹಾಡೋ, ಹೊಲದ ಪಹಣಿಯ ಚಿತ್ರವೋ ಇರಬಹುದು. ಯಂತ್ರ ಕೆಟ್ಟರೆ ಮತ್ತೊಂದನ್ನು ಕೊಳ್ಳಬಹುದು. ಅಜ್ಜಿಯ ದನಿಯನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಪ್ರತಿಮಾಡಿಡುವ ಲಿಪಿಕಾರನ ಕೆಲಸ ಈಗ ನಮ್ಮದಾಗಿದೆ.